ಘಾಟು ಎಂಬ ಕಾವಲುಗಾರ

ಮಾರ್ಚ್ ೪

ದೊಡ್ಡ ಮಗಳಿಗೆ,

ಲಕೋಟೆ ಒಡೆಯುವ ಮೊದಲು ಮೂಗಿನ ಹತ್ತಿರ ಹಿಡಿದೆಯೋ ಇಲ್ಲವೋ? ಹಿಡಿಯದಿದ್ದರೆ ಈಗ ಹಿಡಿ. ಒಳಗೆ ಬೆರಳಗಲದ ಒಂದು ಬಿಳಿ ಕಾಗದದ ಪಟ್ಟಿ ಇದೆ. ನಾನು ಅದ್ದಿದಾಗ ಅದರಲ್ಲಿ ಮಾಗಿದ ಪೇರಳೆ ಇತ್ತು, ಕಾಯಿಸಿದ ಹಾಲಿನ ಕೆನೆ ಇತ್ತು, ಬಿಸಿಲಿಗೆ ಹಾಕಿದ ಹಾಸಿಗೆಯನ್ನು ಒಳಗೆ ತಂದು ಮಲಗಿದರೆ ಬರುತ್ತದಲ್ಲ, ಅದರದ್ದೂ ಒಂದು ಎಳೆ ಇತ್ತು. ಪೇರಳೆ ದಾರಿಯಲ್ಲೇ ಇಳಿದು ಹೋಗಿರುತ್ತದೆ, ಅದರ ಸ್ವಭಾವವೇ ಹಾಗೆ. ಕೆನೆ, ಹಾಸಿಗೆ ನಿನ್ನ ತನಕ ತಲುಪಿದರೆ ಸಾಕು.

ಫೋನು ಮಾಡಬಹುದಿತ್ತು. ಫೋನಿನಲ್ಲಿ ವಾಸನೆ ಹೋಗುವುದಿಲ್ಲ. ಅದೂ ಅಲ್ಲದೆ ನೀನು ಎತ್ತದಿದ್ದರೆ ಏನು ಮಾಡುವುದು ಎಂದೂ ಇತ್ತು. ಮೂರು ದಿನದಿಂದ ಪೆನ್ನು ಹಿಡಿದು ಕೂತಿದ್ದೆ. ನಿನ್ನ ಅಮ್ಮ ಬಂದು, "ಬರೆಯೋದಾದ್ರೆ ಬರೀರಿ, ಇಲ್ಲಾಂದ್ರೆ ಆ ಪೆನ್ನು ಇಲ್ಲಿ ಕೊಡಿ, ಪೈಜಾಮಕ್ಕೆ ಲಾಡಿ ಹಾಕ್ಬೇಕು" ಅಂದಳು. ಆಮೇಲೆ ಬರೆಯತೊಡಗಿದೆ.

ಇಲ್ಲಿ ಎಲ್ಲ ಮೊದಲಿನ ಹಾಗೇ. ನಾನು ಅದೇ ಕಾರ್ಖಾನೆ, ಅದೇ ಕಿಟಕಿ ಪಕ್ಕದ ಮೇಜು. ಇ-ಸಿಗರೇಟಿನ ದ್ರವಕ್ಕೆ ಘಮ ಕೂಡಿಸುವ ಕೆಲಸ. ನನ್ನನ್ನು ಈಗಲೂ ಮೂಗಪ್ಪ ಎಂದೇ ಕರೆಯುತ್ತಾರೆ. ಹೋದ ವಾರ ಹೊಸದಾಗಿ ಸೇರಿದ ಒಬ್ಬ, ನಾನು ನಿಜವಾಗಿಯೂ ಮೂಗ ಎಂದುಕೊಂಡು, ಊಟಕ್ಕೆ ಬನ್ನಿ ಎಂದು ಕೈಸನ್ನೆ ಮಾಡಿ ಕರೆದ. ನಾನೂ ಪಾಪ ಎಂದು ಸನ್ನೆಯಲ್ಲೇ ಉತ್ತರ ಕೊಟ್ಟೆ. ಊಟದ ಕೊನೆಗೆ "ಉಪ್ಪು ಜಾಸ್ತಿ ಆಯ್ತು" ಅಂದೆ ನೋಡು, ಅವನ ಕೈಯಿಂದ ಲೋಟ ಬಿತ್ತು.

ಘಮಗಳಿಗೆ ಹೆಸರಿಡುವುದು ಈಗಲೂ ಪುಟ್ಟಿಯೇ. ಪಟ್ಟಿಗಳನ್ನು ಮನೆಗೆ ತರುತ್ತೇನೆ, ನಿನ್ನ ತಂಗಿ ಕಣ್ಣು ಮುಚ್ಚಿ ಮೂಸುತ್ತಾಳೆ, ಒಂದು ಮಾತು ಹೇಳುತ್ತಾಳೆ. ಈ ಪೇರಳೆ-ಕೆನೆಗೆ ಅವಳಿಟ್ಟ ಹೆಸರು "ತೂಕಡಿಕೆ". ಕಂಪನಿಯವರು ಕುಣಿದಾಡಿದರು. ಹದಿನೇಳರ ಹುಡುಗಿಗೆ ಇಂಥ ಮಾತು ಎಲ್ಲಿಂದ ಬರುತ್ತದೋ. ಆದರೆ ಇತ್ತೀಚೆಗೆ ಕೂತಲ್ಲಿ ಕೂರುವುದಿಲ್ಲ. ಮೊನ್ನೆ ಗಣಿತದ ಪರೀಕ್ಷೆಯಲ್ಲಿ ಅರ್ಧಕ್ಕೇ ಎದ್ದು ಬಂದಿದ್ದಾಳೆ. ಕೇಳಿದರೆ "ಗಾಳಿ ಇರ್ಲಿಲ್ಲಪ್ಪ ಅಲ್ಲಿ" ಅನ್ನುತ್ತಾಳೆ.

ನೀನು ಊಟದ ನಡುವೆ ಎದ್ದು ಹೋದ ದಿನದ ಮಾತು ಬರೆಯುವುದಿಲ್ಲ. ನಿನ್ನ ಆ ತಟ್ಟೆಯನ್ನು ಅಮ್ಮ ಬೇರೆ ಯಾರಿಗೂ ಹಾಕುವುದಿಲ್ಲ, ಅಷ್ಟೇ.

ನಿನ್ನ,
ಅಪ್ಪ


ಮಾರ್ಚ್ ೧೯

ಪೂಜ್ಯ ತಂದೆಯವರಿಗೆ,

ನಿಮ್ಮ ಪತ್ರ ತಲುಪಿತು. ನಾನು ಆರೋಗ್ಯವಾಗಿದ್ದೇನೆ.

ನಾನೀಗ ಆರೋಗ್ಯ ಇಲಾಖೆಯಲ್ಲಿ ಯಾವ ಕೆಲಸದಲ್ಲಿದ್ದೇನೆ ಎಂಬುದನ್ನು ನೀವು ಬೇರೆಯವರ ಬಾಯಿಂದ ಕೇಳುವುದು ಬೇಡ. ಇ-ಸಿಗರೇಟಿನ ದ್ರವದಲ್ಲಿ ನಿಕೋಟಿನ್ ಎಷ್ಟಿರಬಹುದು ಎಂಬುದಕ್ಕೆ ನಿಯಮ ಬರುತ್ತಿದೆ. ಕರಡು ಬರೆದವಳು ನಾನು. ಪೂರ್ತಿ ಬೇಡವೆನ್ನುವುದು ನಮ್ಮ ಉದ್ದೇಶವಲ್ಲ. ಸಿಗರೇಟು ಬಿಡಲು ಇದನ್ನು ಹಿಡಿದವರಿದ್ದಾರೆ, ಅವರಲ್ಲಿ ನೀವೂ ಒಬ್ಬರು, ನನಗೆ ಗೊತ್ತು. ಒಂದು ಮಿತಿ ಬೇಕು, ಅಷ್ಟೇ. ಕರಡನ್ನು ಸಾರ್ವಜನಿಕರ ಮುಂದೆ ಇಟ್ಟಿದ್ದೇವೆ. ಯಾರು ಬೇಕಾದರೂ ಓದಿ ಆಕ್ಷೇಪ ಕಳಿಸಬಹುದು. "ಸಾಂದ್ರತೆ" ಎಂದರೆ ಜನಕ್ಕೆ ತಿಳಿಯುವುದಿಲ್ಲ ಎಂದು, "ತೀಕ್ಷ್ಣ ದ್ರವಗಳನ್ನು ಮಾರಕೂಡದು" ಎಂದು ಸರಳವಾಗಿ ಬರೆದಿದ್ದೇನೆ. ಕಚೇರಿಯಲ್ಲಿ ಎಲ್ಲರೂ ಮೆಚ್ಚಿದರು.

ನಿಮ್ಮ ಕೆಲಸದ ಬಗ್ಗೆ ಅಂದು ಊಟಕ್ಕೆ ಕೂತಾಗ ನಾನು ಆಡಿದ ಮಾತು, ವಿಷಕ್ಕೆ ಸಕ್ಕರೆ ಸವರುವುದು ಎಂದದ್ದು, ಅದರ ಬಗ್ಗೆ ನಾನೂ ಬರೆಯುವುದಿಲ್ಲ.

ಪುಟ್ಟಿ ಪರೀಕ್ಷೆಯಿಂದ ಯಾಕೆ ಎದ್ದು ಬಂದಳು? ದಯವಿಟ್ಟು ಸರಿಯಾಗಿ ವಿಚಾರಿಸಿ ಬರೆಯಿರಿ.

ಇತಿ,
ದೊಡ್ಡವಳು

ಕೆನೆ ತಲುಪಿತು. ಹಾಸಿಗೆಯೂ.


ಏಪ್ರಿಲ್ ೨

ದೊಡ್ಡ ಮಗಳಿಗೆ,

"ನೀವು" ಎಂದು ಬರೆದಿದ್ದೀಯ. ಓದಿದವನು ಒಮ್ಮೆ ಹಿಂದೆ ತಿರುಗಿ ನೋಡಿದೆ, ಯಾರಾದರೂ ದೊಡ್ಡ ಮನುಷ್ಯರು ಬಂದು ನಿಂತಿದ್ದಾರೇನೋ ಎಂದು. ಯಾರೂ ಇರಲಿಲ್ಲ. ಬಾಗಿಲಲ್ಲಿ ನಿನ್ನ ಅಮ್ಮ ಇದ್ದಳು. "ಪೂಜ್ಯರೇ, ಹಾಲು ಉಕ್ತಿದೆ, ಒಲೆ ಆರಿಸಿ" ಅಂದಳು.

ಒಂದು ಕಥೆ ಹೇಳುತ್ತಿದ್ದೆನಲ್ಲ ನಿನಗೆ, ಹೊಗೆಗೆ ಕೆಮ್ಮಿ ಕೆಮ್ಮಿ ಅಳುತ್ತಿದ್ದಾಗ? ಮೈಯೆಂಬ ಊರಿಗೆ ಗಂಟಲೇ ಹೆಬ್ಬಾಗಿಲು. ಆ ಬಾಗಿಲಲ್ಲಿ ಒಬ್ಬ ಕಾವಲುಗಾರ. ಹೆಸರು ಘಾಟು. ಕುಳ್ಳ, ಸಿಡುಕ, ಕೈಯಲ್ಲಿ ದೊಣ್ಣೆ. ಗೊತ್ತಿಲ್ಲದವರು ಯಾರೇ ಬರಲಿ, ದೊಣ್ಣೆ ಬೀಸಿ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಾನೆ. ಆ ಕೂಗೇ ಕೆಮ್ಮು. "ಅಳಬೇಡ ಮಗಾ, ಕಾವಲುಗಾರ ಎದ್ದಿದ್ದಾನೆ, ಖುಷಿಪಡು" ಅನ್ನುತ್ತಿದ್ದೆ. ನೀನು ಮೂಗು ಒರೆಸಿಕೊಂಡು, "ಅವನಿಗೆ ರಜಾ ಇಲ್ವಾ?" ಎಂದು ಕೇಳುತ್ತಿದ್ದೆ.

ಅದು ಯಾಕೆ ನೆನಪಾಯಿತೆಂದರೆ, ಪುಟ್ಟಿಯ ವಿಷಯ ನಿನಗೆ ಹೇಳಬೇಕಿತ್ತು. ಗಾಬರಿಯಾಗಬೇಡ. ಎಲ್ಲ ಸರಿಮಾಡಿದ್ದೇನೆ. ಗೆಳತಿಯರ ಜೊತೆ ಸೇರಿ ಅವಳೂ ಇ-ಸಿಗರೇಟು ಎಳೆಯುವುದು ಕಲಿತಿದ್ದಳು. ಚಳಿಗಾಲದಲ್ಲೇ ಅವಳ ಚೀಲದಲ್ಲಿ ನೋಡಿದ್ದೆ. ನಿನಗೆ ಬರೆಯಲು ಮುಖವಿರಲಿಲ್ಲ. ಯಾವುದೋ ಗಡಸು ದ್ರವ, ಒಂದು ಸಲ ಎಳೆದು ನೋಡಿದೆ, ಘಾಟು ಗಂಟಲಿಗೆ ಒದ್ದ ಹಾಗಾಯಿತು. ಕಿತ್ತು ಎಸೆದರೆ ಇನ್ನೊಂದು ತರುತ್ತಾಳೆ, ಆ ವಯಸ್ಸೇ ಹಾಗೆ. ಅದಕ್ಕೆ ಆಗಲೇ ಒಂದು ಉಪಾಯ ಮಾಡಿದೆ. ನಮ್ಮ ಕಾರ್ಖಾನೆಯಲ್ಲಿ ಎರಡು ಬಗೆಯ ದ್ರವ ತಯಾರಾಗುತ್ತದೆ, ಒಂದು ಗಡಸು, ಒಂದು ಮೆದು. ಮೆದು ಬಗೆಯ "ತೂಕಡಿಕೆ" ತಂದು ಅವಳಿಗೆ ಕೊಟ್ಟೆ. "ಎಳೆಯಲೇಬೇಕು ಅಂದ್ರೆ ಇದನ್ನ ಎಳಿ, ಮೆಲ್ಲಗೆ ಬಿಟ್ಬಿಡು" ಅಂದೆ. ಹಾಲಿಗೆ ದಿನಾ ಒಂದಿಷ್ಟು ನೀರು ಹೆಚ್ಚಿಸುತ್ತಾ ಹೋದ ಹಾಗೆ. ಅದರಲ್ಲಿ ಘಾಟಿನ ಹೆಸರೂ ಇಲ್ಲ. ಮಂಜು ನುಂಗಿದ ಹಾಗೆ ಇಳಿಯುತ್ತದೆ.

ಕೂತಲ್ಲಿ ಕೂರುವುದಿಲ್ಲ ಎಂಬುದೊಂದು ಬಿಟ್ಟರೆ ಹುಡುಗಿ ಚೆನ್ನಾಗಿದ್ದಾಳೆ.

ನಿನ್ನ ಅಪ್ಪ
(ಪೂಜ್ಯನಲ್ಲದವನು)


ಏಪ್ರಿಲ್ ೮

ಅಪ್ಪಾ,

ಈ ಪತ್ರ ಕೈಗೆ ಸಿಕ್ಕ ತಕ್ಷಣ ಅದನ್ನು ಅವಳಿಗೆ ಕೊಡುವುದು ನಿಲ್ಲಿಸು. ಮಿಕ್ಕದ್ದನ್ನು ಆಮೇಲೆ ಓದು.

ಮೆದು ಎಂದರೆ ಕಡಿಮೆ ಎಂದಲ್ಲ ಅಪ್ಪಾ. ನಿಮ್ಮ ಮೆದು ದ್ರವವನ್ನು ನಮ್ಮ ಪ್ರಯೋಗಾಲಯದಲ್ಲಿ ಅಳೆದಿದ್ದೇವೆ. ನಿಕೋಟಿನ್ನಿಗೆ ಒಂದು ಹುಳಿ, ಅಂದರೆ ಆಮ್ಲ, ಬೆರೆಸುತ್ತಾರೆ. ಹುಳಿ ಬೆರೆತರೆ ಘಾಟು ಸಾಯುತ್ತದೆ, ನಿಕೋಟಿನ್ ಹಾಗೇ ಇರುತ್ತದೆ. ಘಾಟಿಲ್ಲವಲ್ಲ ಎಂದು ಆಮೇಲೆ ಇನ್ನಷ್ಟು ತುಂಬುತ್ತಾರೆ. ಗಡಸು ದ್ರವದಲ್ಲಿ ಅಷ್ಟು ತುಂಬಿದ್ದರೆ ಒಂದು ಎಳೆತಕ್ಕೇ ಬಾಯಿಂದ ಕಿತ್ತು ಬಿಸಾಡುತ್ತಿದ್ದಳು. ಮೆದುವಿನಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಇದೆ. ನಿನ್ನ ಹಾಲಿಗೆ ನೀರು ಬಿದ್ದಿಲ್ಲ.

ನೀನು ಘಮ ಕೂಡಿಸುವ ಹೊತ್ತಿಗೆ ಅದು ಬೆರೆತು ಬಂದಿರುತ್ತದೆ. ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನೀನೂ ಕೇಳಿರಲಿಕ್ಕಿಲ್ಲ. ಬೈಯಬೇಕು ಅನ್ನಿಸುತ್ತಿದೆ, ಬೈಯಲು ಆಗುತ್ತಿಲ್ಲ.

ಒಂದೇ ಏಟಿಗೆ ಕಿತ್ತುಕೊಂಡು ಅವಳ ಮೇಲೆ ಹಾರಾಡಬೇಡ. ವೈದ್ಯರ ಹತ್ತಿರ ಕರೆದುಕೊಂಡು ಹೋಗು. ಮೆಲ್ಲಗೆ ಇಳಿಸುವ ದಾರಿ ಅವರಿಗೆ ಗೊತ್ತಿರುತ್ತದೆ.

ಅವನಿಗೆ ರಜೆ ಇಲ್ಲವೇ ಎಂದು ಕೇಳುತ್ತಿದ್ದೆನಂತೆ. ನನಗೆ ನೆನಪಿರಲಿಲ್ಲ.

ನಿನ್ನ,
ದೊಡ್ಡವಳು


ಮೇ ೧೧

ಅಕ್ಕಾ,

ಅಪ್ಪ ಎಲ್ಲ ಹೇಳಿದ್ರು ಅಂತ ಗೊತ್ತು. ಲಕೋಟೆ ನಾನೇ ಅಂಚೆಗೆ ಹಾಕ್ತೀನಿ, ಅಮ್ಮನಿಗೆ ಹೇಳ್ಬೇಡ.

ಮೊದಮೊದಲು ಗೆಳತಿಯರ ಜೊತೆ ಎಳೆಯುವಾಗ ನನಗೇನೂ ಅದರ ಚಟ ಇರಲಿಲ್ಲ. ಅಂಗಡಿಯ ಗಾಜಿನ ಒಳಗೆ "ತೂಕಡಿಕೆ" ಅಂತ ಬರೆದಿತ್ತು. ಅದು ನಾನು ಆಡಿದ ಮಾತು ಅಕ್ಕಾ, ನಮ್ಮ ಅಡುಗೆಮನೆಯಲ್ಲಿ ಕಣ್ಣು ಮುಚ್ಚಿಕೊಂಡು ಆಡಿದ್ದು. ಅದಕ್ಕೆ ಬಣ್ಣದ ಡಬ್ಬಿ ಮಾಡಿ, ಹಿಂದೆ ಸಣ್ಣ ದೀಪ ಇಟ್ಟಿದ್ದರು. ಎಷ್ಟೋ ದಿನ ಅದನ್ನ ಸುಮ್ಮನೆ ನೋಡಿ ಬರ್ತಿದ್ದೆ. ಆಮೇಲೆ ಅಪ್ಪನೇ ತಂದು ಕೊಟ್ಟಾಗ, ಬಹುಮಾನ ಬಂದ ಹಾಗಾಯ್ತು.

ಎಳೆದರೆ ಏನೂ ಅನ್ನಿಸೋದಿಲ್ಲ. ತೊಂದರೆ ಅದೇ. ಗಂಟಲಿಗೆ ಗೊತ್ತಾಗೋದೇ ಇಲ್ಲ. ತಲೆ ಒಳಗೆ ಮಾತ್ರ ಯಾರೋ ಸದ್ದಿಲ್ಲದೆ ಕಿಟಕಿ ತೆರೆದ ಹಾಗೆ. ಸ್ವಲ್ಪ ಹೊತ್ತಿಗೆ ಕಿಟಕಿ ಮುಚ್ಚಿಕೊಳ್ಳುತ್ತೆ, ಮತ್ತೆ ತೆರೀಬೇಕು. ಬೆಳಿಗ್ಗೆ ನನಗೆ ಎಚ್ಚರ ಆಗೋ ಮೊದಲೇ ನನ್ನ ಕೈಗೆ ಎಚ್ಚರ ಆಗಿರುತ್ತೆ. ದಿಂಬಿನ ಕೆಳಗೆ ಹುಡುಕ್ತಾ ಇರುತ್ತೆ. ಅದನ್ನ ನೋಡಿ ನನಗೇ ಹೆದರಿಕೆ ಆಯ್ತು, ನನ್ನ ಕೈ ಅಲ್ವೇನೋ ಅಂತ.

ಡಾಕ್ಟರಮ್ಮ ಒಳ್ಳೆಯವರು. ಪ್ರಶ್ನೆ ಜಾಸ್ತಿ ಕೇಳಲ್ಲ. ಎರಡು ವಾರ ಬಿಟ್ಟಿದ್ದೆ, ಮೊನ್ನೆ ಮತ್ತೆ ಎಳೆದೆ. ಅಪ್ಪನಿಗೆ ಹೇಳಿದೆ. ಅವರು ಬೈಲಿಲ್ಲ. ಬಂದು ನನ್ನ ಪಕ್ಕದಲ್ಲಿ ಕೂತರು, ಅಷ್ಟೆ. ಅವರು ಬೈದಿದ್ದರೆ ಚೆನ್ನಾಗಿರ್ತಿತ್ತು.

ನೀನು ಯಾವಾಗ ಬರ್ತೀಯ?

ನಿನ್ನ,
ಪುಟ್ಟಿ


ಮೇ ೨೯

ದೊಡ್ಡ ಮಗಳಿಗೆ,

ಬರೆಯಲು ತಡವಾಯಿತು. ನಿನ್ನ ಕಾಗದ ಓದಿದ ದಿನ ಬೆರೆಸುವ ಕೋಣೆಗೆ ಹೋದೆ. ಇಷ್ಟು ವರ್ಷದಲ್ಲಿ ಆ ಕೋಣೆಯ ಬಾಗಿಲು ತಟ್ಟಿದ್ದು ಅದೇ ಮೊದಲು. ಅಲ್ಲಿನ ಮೇಸ್ತ್ರಿ ನನ್ನ ಗೆಳೆಯನೇ. "ಮೆದು ಅಂದ್ರೆ ಕಡಿಮೆ ಅಂತ ಅಲ್ವೇನಯ್ಯಾ?" ಅಂದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಮೂಗಪ್ಪಾ, ಮೆದು ಅಂದ್ರೆ ಗಂಟಲಿಗೆ ಮೆದು. ಒಳಗಿನ ಸರಕಿಗಲ್ಲ ಮಾರಾಯ! ನಿನ್ನ ಆ ಮೂಗು ಇಟ್ಕೊಂಡು ಇಷ್ಟು ದಿನ ಏನು ಮೂಸ್ತಿದ್ದೆ?" ಅವನು ತಮಾಷೆಗೆ ಅಂದದ್ದು. ನನಗೆ ನಗು ಬರಲಿಲ್ಲ. ನಿಕೋಟಿನ್ನಿಗೆ ನನಗೆ ತಿಳಿಯುವಂಥ ವಾಸನೆಯೇ ಇಲ್ಲ ಮಗಳೇ. ಅದು ಬಂದರೆ ಘಾಟಿನಿಂದಲೇ ನನಗೆ ಗೊತ್ತಾಗಬೇಕು.

ಮನೆಗೆ ಬಂದು ನಿನ್ನ ಅಮ್ಮನಿಗೆ ಹೇಳಿದೆ. ಅವಳು, "ನೀವು ಮೂಗಪ್ಪ ಆಗಿದ್ದು ಸಾಕು. ಒಂದಿಷ್ಟು ದಿನ ಕಣ್ಣಪ್ಪ, ಕಿವಿಯಪ್ಪ ಆಗಿ" ಅಂದಳು.

ಒಂದು ಮಧ್ಯಾಹ್ನ ಕುರ್ಚಿಯಲ್ಲೇ ಕಣ್ಣು ಮುಚ್ಚಿತು. ಕನಸಿನಲ್ಲಿ ನಮ್ಮ ಕಥೆಯ ಆ ಹೆಬ್ಬಾಗಿಲು ಕಂಡಿತು. ಸುತ್ತ ಪೇರಳೆ ಬಣ್ಣದ ಮಂಜು. ನಮ್ಮ ಕುಳ್ಳ ಕಾವಲುಗಾರ ಕಲ್ಲಿನ ಮೇಲೆ ಕೂತು, ದೊಣ್ಣೆಗೆ ಗಲ್ಲ ಒರಗಿಸಿ ತೂಕಡಿಸುತ್ತಿದ್ದಾನೆ. ಪಕ್ಕದಲ್ಲಿ ಒಬ್ಬ ಮನುಷ್ಯ ಕೂತು ಅವನಿಗೆ ಮೆಲ್ಲಗೆ ಗಾಳಿ ಬೀಸುತ್ತಿದ್ದಾನೆ, ಮಗುವಿಗೆ ಬೀಸುವ ಹಾಗೆ. ಬಾಗಿಲಿನಿಂದ ಬಿಳಿ ಬಟ್ಟೆಯವರು ಸಾಲುಸಾಲಾಗಿ ಸದ್ದಿಲ್ಲದೆ ಒಳಗೆ ಹೋಗುತ್ತಿದ್ದಾರೆ. ಗಾಳಿ ಬೀಸುವವನ ಕೈ ನೋಡಿದೆ. ಬೆರಳ ಸಂದಿಯಲ್ಲಿ ಬಿಳಿ ಪಟ್ಟಿ ಇತ್ತು.

ಎಚ್ಚರವಾದ ಮೇಲೆ ನಿನ್ನ ಕರಡು ತರಿಸಿ ಓದಿದೆ. ಮಗಳೇ, ನೀನೂ ನನ್ನ ಹಾಗೇ ಜಾರಿದ್ದೀಯ. "ತೀಕ್ಷ್ಣ ದ್ರವಗಳನ್ನು ಮಾರಕೂಡದು" ಅಂದಿದ್ದೀಯ. ತೀಕ್ಷ್ಣ ಎಂಬುದು ನಾಲಿಗೆಯ ಮಾತು, ಗಂಟಲಿನ ಮಾತು. ನಾಳೆ ನಮ್ಮ ಕಂಪನಿಯವರು ಮೆದು ಡಬ್ಬಿ ತಂದು ನಿನ್ನ ಮೇಜಿನ ಮೇಲಿಟ್ಟು, "ಎಳೆದು ನೋಡಿ ಮೇಡಂ, ಇದರಲ್ಲಿ ತೀಕ್ಷ್ಣ ಎಲ್ಲಿದೆ?" ಅಂದರೆ ಏನು ಹೇಳುತ್ತೀಯ? ನಿನ್ನ ನಿಯಮ ಗಡಸನ್ನು ಹಿಡಿಯುತ್ತದೆ, ಮೆದುವನ್ನು ಬಿಡುತ್ತದೆ. ಪುಟ್ಟಿಯ ಕೈಗೆ ಸಿಕ್ಕಿದ್ದು ಮೆದು.

ಇಷ್ಟನ್ನು ಸೇರಿಸಿಕೊಂಡು ಬಿಡು. ನಾನು ಹೇಳಿದೆ ಎಂದು ಯಾರಿಗೂ ಗೊತ್ತಾಗುವುದು ಬೇಡ.

ಅಪ್ಪ


ಜೂನ್ ೭

ಅಪ್ಪಾ,

ಓದಿ ಕಾಗದ ಕೆಳಗಿಟ್ಟು ಮುಖ ತೊಳೆದುಕೊಂಡು ಬಂದೆ. ಸರಳವಾಗಿ ಬರೆದೆ ಎಂದು ಎಷ್ಟು ಬೀಗಿದ್ದೆ!

ಆದರೆ ಮನೆಯ ಕಾಗದದಲ್ಲಿ ಬಂದ ಮಾತನ್ನು ನಾನು ನಿಯಮಕ್ಕೆ ಸೇರಿಸಲಾರೆ. ಮೊದಲನೆಯ ವಾದ ಅಲ್ಲೇ ಶುರುವಾಗುತ್ತದೆ, "ಇದು ನಿಮಗೆ ಹೇಗೆ ಗೊತ್ತಾಯ್ತು?" ಎಂದು. ಮೆದು ಎಂಬ ಮಾತನ್ನು ಕಾರ್ಖಾನೆಯ ಒಳಗೆ ಯಾವ ಅರ್ಥದಲ್ಲಿ ಆಡುತ್ತಾರೆ, ಅಂಗಡಿಯಲ್ಲಿ ಜನ ಯಾವ ಅರ್ಥದಲ್ಲಿ ಕೇಳಿಸಿಕೊಳ್ಳುತ್ತಾರೆ, ಎರಡನ್ನೂ ಬಲ್ಲವರು ಬರೆದುಕೊಡಬೇಕು. ಹೆಸರು ಹಾಕಿ, ಕೆಲಸ ಹಾಕಿ, ಕಚೇರಿಯ ವಿಳಾಸಕ್ಕೆ.

ಬರೆದರೆ ನಿನ್ನ ಕಿಟಕಿ ಪಕ್ಕದ ಮೇಜು ಉಳಿಯುವುದಿಲ್ಲ. ಅದು ನನಗೆ ಗೊತ್ತು. ಆದ್ದರಿಂದ ಬರೆ ಎಂದು ನಾನು ಹೇಳುತ್ತಿಲ್ಲ. ಬೇಡ ಎಂದೂ ಹೇಳುತ್ತಿಲ್ಲ. ಆಕ್ಷೇಪ ಕಳಿಸಲು ಜುಲೈ ಕೊನೆಯವರೆಗೆ ಸಮಯವಿದೆ ಎಂದಷ್ಟೇ ಹೇಳುತ್ತಿದ್ದೇನೆ. ಅದನ್ನು ಎಲ್ಲರಿಗೂ ಹೇಳುತ್ತೇನೆ.

ಕನಸಿನಲ್ಲಿ ಗಾಳಿ ಬೀಸುವವನ ಪಕ್ಕದಲ್ಲಿ ಇನ್ನೊಬ್ಬಳು ಕೂತಿದ್ದಳೇ, ಕೈಯಲ್ಲಿ ಕರಡು ಹಿಡಿದುಕೊಂಡು? ಇದ್ದಿರಬೇಕು. ನೀನು ಸರಿಯಾಗಿ ನೋಡಿಲ್ಲ.

ನಿನ್ನ,
ದೊಡ್ಡವಳು


ಆಗಸ್ಟ್ ೨೨

ಅಪ್ಪಾ,

ಜೂನಿನಿಂದ ನಿನ್ನ ಒಂದು ಸಾಲೂ ಇಲ್ಲ. ಪುಟ್ಟಿಯ ಫೋನು ಬರುತ್ತಿತ್ತು. "ಅಪ್ಪ ಬರೀತಿದಾರೆ, ಹರೀತಿದಾರೆ. ಅಮ್ಮ ಆ ಚೂರಲ್ಲೆಲ್ಲ ಒಲೆ ಹಚ್ತಿದಾರೆ" ಅನ್ನುತ್ತಿದ್ದಳು. ನಾನು ಏನೂ ಕೇಳುತ್ತಿರಲಿಲ್ಲ.

ಆಕ್ಷೇಪಗಳ ಕೊನೆಯ ದಿನ ಮೇಜಿನ ತುಂಬ ಲಕೋಟೆ. ಕಂಪನಿಗಳದ್ದು, ಅಂಗಡಿಯವರದ್ದು, ಶಾಲೆಯ ಮೇಷ್ಟ್ರುಗಳದ್ದು. ಕಿಟಕಿ ತೆರೆದಿತ್ತು, ಫ್ಯಾನು ತಿರುಗುತ್ತಿತ್ತು. ಇದ್ದಕ್ಕಿದ್ದಂತೆ ಎಲ್ಲಿಂದಲೋ ಬಿಸಿಲಿಗೆ ಹಾಕಿದ ಹಾಸಿಗೆ ಬಂತು. ಎದ್ದು ನಿಂತೆ. ಪಕ್ಕದವಳು "ಏನಾಯ್ತೇ?" ಅಂದಳು. ನಾನು ರಾಶಿಯಲ್ಲಿ ಮೂಸುತ್ತಾ ಹೋದೆ, ಕಚೇರಿಯವರೆಲ್ಲ ನೋಡುತ್ತಿದ್ದಂತೆ. ಕೆಳಗಿನಿಂದ ಮೂರನೆಯದು. ನಿನ್ನ ಕೈಬರಹ, ಪೂರ್ತಿ ಹೆಸರು, ಕಾರ್ಖಾನೆಯ ಹೆಸರು.

ಅದನ್ನು ನಾನು ತೆರೆಯಲಿಲ್ಲ. ಮುಖ್ಯಸ್ಥೆಯ ಹತ್ತಿರ ತೆಗೆದುಕೊಂಡು ಹೋಗಿ, "ಮೇಡಂ, ಇದನ್ನ ನಾನು ಓದೋ ಹಾಗಿಲ್ಲ, ಇದು ನಮ್ಮಪ್ಪ" ಅಂದೆ. ಅವರು ಲಕೋಟೆ ನೋಡಿದರು, ನನ್ನನ್ನು ನೋಡಿದರು. "ಇದು ನಿಮ್ಮಪ್ಪ ಅಲ್ಲಮ್ಮಾ, ನಿಮ್ಮಪ್ಪನ ಕಾಗದ ಅಂತ ಹೇಳು. ನಿಮ್ಮಪ್ಪನ್ನೇ ಕೈಗೆ ಕೊಟ್ಟ ಹಾಗೆ ಕೊಡ್ತಿದೀಯಲ್ಲ" ಅಂದರು. ಆ ಕ್ಷಣದಿಂದ ಆ ಕಡತ ನನ್ನದಲ್ಲ, ಅವರೇ ನೋಡಿಕೊಳ್ಳುತ್ತಾರೆ.

ಅಹವಾಲು ಕೇಳುವ ದಿನ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಕಂಪನಿಯ ವಕೀಲರು ನೀನು ಹೇಳಿದ ಮಾತನ್ನೇ ಆಡಿದರು. ಡಬ್ಬಿ ತೆಗೆದು ಮೇಜಿನ ಮೇಲಿಟ್ಟು, "ಇದು ಮೆದು. ತೀಕ್ಷ್ಣ ಅನ್ನೋ ಪ್ರಶ್ನೆಯೇ ಬರೋದಿಲ್ಲ" ಎಂದರು. ಮುಖ್ಯಸ್ಥೆ ಕನ್ನಡಕ ಹಾಕಿಕೊಂಡು ನಿನ್ನ ಕಾಗದ ಓದಿದರು. ಅವರ ದನಿಯಲ್ಲಿ ನಿನ್ನ ವಾಕ್ಯಗಳು. "ಇದನ್ನು ನನ್ನ ಮಗಳಿಗೆ ನಾನೇ ತಂದು ಕೊಟ್ಟೆ, ಕಡಿಮೆ ಎಂದು ನಂಬಿ" ಎಂಬಲ್ಲಿ ಒಂದು ಸಲ ನಿಂತು, ನೀರು ಕುಡಿದು, ಮುಂದೆ ಓದಿದರು. ವಕೀಲರು ಡಬ್ಬಿಯನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡರು.

ಮೇಜು ಹೋಯಿತೇ ಅಪ್ಪಾ? ಪುಟ್ಟಿ ಹೇಳುತ್ತಿಲ್ಲ.

ನಿನ್ನ,
ದೊಡ್ಡವಳು


ಅಕ್ಟೋಬರ್ ೧೬

ದೊಡ್ಡ ಮಗಳಿಗೆ,

ಮೇಜು ಹೋಯಿತು. ಕಿಟಕಿಯೂ ಹೋಯಿತು. ಈಗ ಒಂದು ಸಾಬೂನಿನ ಕಾರ್ಖಾನೆಯಲ್ಲಿದ್ದೇನೆ. ಸಂಬಳ ಕಡಿಮೆ, ನೆಮ್ಮದಿ ಹೆಚ್ಚು. ಸಾಬೂನನ್ನು ಯಾರೂ ಎಳೆಯುವುದಿಲ್ಲ. ನನ್ನನ್ನು ಇಲ್ಲೂ ಮೂಗಪ್ಪ ಎಂದು ಕರೆಯತೊಡಗಿದ್ದಾರೆ. ನಾನು ಹೇಳಿಕೊಟ್ಟಿಲ್ಲ, ಮುಖ ನೋಡಿದರೇ ಗೊತ್ತಾಗುತ್ತದೋ ಏನೋ.

ನಿಯಮ ಬಂತಲ್ಲ, ಬೀದಿ ತುದಿಯ ಅಂಗಡಿಯ ಗೋಡೆಗೆ ಅಂಟಿಸಿದ್ದಾರೆ. ಸಾಬೂನಿನ ಚೀಲ ಕಂಕುಳಲ್ಲಿಟ್ಟುಕೊಂಡು ನಿಂತು ಓದಿದೆ. ತೀಕ್ಷ್ಣ ಎಂಬ ಮಾತಿಲ್ಲ, ನಿಕೋಟಿನ್ ಎಷ್ಟಿರಬಹುದು ಎಂಬ ಅಳತೆ ಇದೆ. ಡಬ್ಬಿಯ ಮೇಲೆ ಮೆದು, ಹಗುರ, ಹಿತ ಎಂದು ಬರೆಯುವಂತಿಲ್ಲ. ಕೊನೆಗೆ ಒಂದು ಸಾಲು, "ಘಾಟು ಇಲ್ಲ ಎಂಬುದು ನಿಕೋಟಿನ್ ಕಡಿಮೆ ಇದೆ ಎಂಬುದಕ್ಕೆ ಆಧಾರವಲ್ಲ". ನಮ್ಮ ಕುಳ್ಳ ಸರ್ಕಾರದ ಕಾಗದ ಸೇರಿದನಲ್ಲ ಎಂದು ನಗು ಬಂತು. ಅಂಗಡಿಯವನು "ಏನು ಯಜಮಾನ್ರೇ, ಗೋಡೆ ನೋಡಿ ನಗ್ತೀರಿ?" ಅಂದ. "ನೆಂಟ್ರ ಹೆಸರು ಕಾಣ್ತು" ಅಂದೆ. ಗಾಜಿನ ಒಳಗೆ "ತೂಕಡಿಕೆ" ಇದ್ದ ಜಾಗ ಖಾಲಿ. ಸಣ್ಣ ದೀಪ ಮಾತ್ರ ಉರಿಯುತ್ತಿತ್ತು.

ಪುಟ್ಟಿ ಪೂರ್ತಿ ಗೆದ್ದಳು ಎಂದು ಬರೆಯಲಾರೆ. ಬೇಸಿಗೆಯ ನಂತರ ಇನ್ನೊಂದು ಸಲ ಜಾರಿ, ಮತ್ತೆ ಎದ್ದಳು. ಈಗ ದಿಂಬಿನ ಕೆಳಗೆ ಏನೂ ಇಲ್ಲ. ಕೈ ಮಾತ್ರ ಒಂದೊಂದು ಬೆಳಿಗ್ಗೆ ಹುಡುಕುತ್ತದಂತೆ, ಹುಡುಕಿ ಸುಮ್ಮನಾಗುತ್ತದಂತೆ. ಗಣಿತದ ಪರೀಕ್ಷೆ ಮತ್ತೆ ಬರೆದಳು. ಕೊನೆಯ ಗಂಟೆ ಹೊಡೆಯುವವರೆಗೆ ಕೂತಿದ್ದಳು. ಅರ್ಧ ಹೊತ್ತು ಸುಮ್ಮನೆ ಕೂತಿದ್ದಳಂತೆ, "ಏನೂ ಬರ್ತಿರ್ಲಿಲ್ಲ ಅಪ್ಪಾ, ಆದ್ರೂ ಕೂತಿದ್ದೆ" ಅಂದಳು. ಅಷ್ಟು ಹೆಮ್ಮೆಯಿಂದ ಯಾರೂ ಗಣಿತದಲ್ಲಿ ಸೋತಿರಲಿಕ್ಕಿಲ್ಲ.

ನಿನ್ನೆ ಬೆಳಿಗ್ಗೆ ನಿನ್ನ ಅಮ್ಮ ಒಣಮೆಣಸಿನಕಾಯಿ ಹುರಿಯಲಿಟ್ಟು ಮರೆತಳು. ಬಾಣಲೆ ಹೊಗೆಯಾಡಿ ಘಾಟು ಮನೆಯೆಲ್ಲ ಅಡರಿತು. ಎಷ್ಟೋ ತಿಂಗಳಿಂದ ತನ್ನ ಕೋಣೆ ಬಿಟ್ಟು ಅಡುಗೆಮನೆಗೆ ಬಾರದಿದ್ದ ಪುಟ್ಟಿ, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು ಓಡಿ ಬಂದಳು. "ಅಮ್ಮಾ, ಘಾಟು! ಸಾಯಿಸ್ತೀಯಾ?" ಎಂದು ಕೂಗಿದಳು, ಕೂಗಲಾರದೆ ಕೆಮ್ಮಿದಳು. ಅಮ್ಮ ಕೆಮ್ಮಿದಳು. ನಾನು ಕಿಟಕಿ ತೆರೆಯಲು ಹೋದವನು ಚಿಲಕ ಹಿಡಿದುಕೊಂಡೇ ಕೆಮ್ಮಿದೆ. ಒಬ್ಬರ ಮುಖ ಒಬ್ಬರು ನೋಡಿ ನಗು, ನಗುವಿನ ಮೇಲೆ ಕೆಮ್ಮು. ಪುಟ್ಟಿ ನೆಲದ ಮೇಲೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡ ಅಮ್ಮನಿಗೆ ಒರಗಿ, "ಅಪ್ಪಾ, ಎದ್ನಲ್ಲ ನಿನ್ನ ಕಾವಲುಗಾರ!" ಅಂದಳು. ಆ ಕಥೆಯನ್ನು ಅವಳಿಗೆ ನಾನು ಯಾವತ್ತೂ ಹೇಳಿಲ್ಲ. ನೀನು ಹೇಳಿರಬೇಕು.

ಈ ಕಾಗದದಲ್ಲಿ ಪಟ್ಟಿ ಇಟ್ಟಿಲ್ಲ. ಆದರೂ ಒಮ್ಮೆ ಮೂಗಿನ ಹತ್ತಿರ ಹಿಡಿ. ಒಲೆಯ ಪಕ್ಕದಲ್ಲೇ ಕೂತು ಬರೆದಿದ್ದೇನೆ, ಸ್ವಲ್ಪವಾದರೂ ಬಂದಿರುತ್ತದೆ.

ಮೂರು ಜನ ಕೆಮ್ಮಿದೆವು. ನಿನ್ನ ಅಮ್ಮ ಆಮೇಲೆ ನಾಲ್ಕು ತಟ್ಟೆ ಹಾಕಿದಳು.

ನಿನ್ನ,
ಅಪ್ಪ